ಚರಂಡಿಯ ಸ್ಲ್ಯಾಬ್ ತೆಗೆಸಿದ ದಿನ

ಕಳೆದ ಸೋಮವಾರ ನಮ್ಮ ಬೀದಿಯಲ್ಲಿ ಎದೆಮಟ್ಟದ ಒಂದು ಗುಂಡಿ ಇತ್ತು. ಎಲ್ಲಿತ್ತು ಎಂದು ಅದನ್ನು ತೆರೆಸಿದವರಿಗೂ ಗೊತ್ತಿರಲಿಲ್ಲ.

ಮಲೆನಾಡಿನ ಸಾಗರದ ಪೇಟೆಯಲ್ಲಿ ನೆರೆಯೇ? ಮಳೆ ನಮಗೇನು ಹೊಸದಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅಂದು ಬೆಳಿಗ್ಗೆ ಚರಂಡಿ ಉಕ್ಕಿ, ನೀರು ಪಕ್ಕದ ಮನೆಯ ಶೋಭಕ್ಕನ ಹೊಸ್ತಿಲು ದಾಟಿತು. (ಡಾಂಬರು ಹಾಕಿದಾಗಲೆಲ್ಲ ರಸ್ತೆ ಮೇಲೇರಿ, ನಮ್ಮ ಮನೆಗಳು ತಗ್ಗಿಗೆ ಬಿದ್ದಿವೆ.) ಶೋಭಕ್ಕ ಆಳು ಕರೆಸಿ, ಖಾಲಿ ಸೈಟಿನ ಮುಂದೆ ಚರಂಡಿಗೆ ಮುಚ್ಚಿದ್ದ ಒಂದು ಸ್ಲ್ಯಾಬ್ ಎತ್ತಿಸಿದರು. ಒಳಗಿನಿಂದ ಬಂದದ್ದು ಕಳೆದ ಕೊಯ್ಲಿನ ಅಡಿಕೆ ಸಿಪ್ಪೆ, ಚೀಲಗಟ್ಟಲೆ. ನೀರು ಹರಿಯಿತು. ನಮಗೆಲ್ಲ ಸಮಾಧಾನ.

ಮಧ್ಯಾಹ್ನದ ಹೊತ್ತಿಗೆ ಮಳೆ ಮತ್ತೆ ಹೊಡೆಯಿತು. ರಸ್ತೆ, ಚರಂಡಿ, ತೆರೆದ ಗುಂಡಿ ಎಲ್ಲವೂ ಒಂದೇ ಕೆಂಪು ನೀರು.

ಆಗಲೇ ಶೋಭಕ್ಕನ ಫೋನಿಗೆ ಮೆಸೇಜ್ ಬಂತು: ಶಾಲೆ ಬೇಗ ಬಿಟ್ಟಿದ್ದಾರೆ. ಅವರ ಮಗಳು ಸಿಂಚನ ನಡೆದೇ ಬರುವವಳು.

ಬೀದಿ ತುದಿಯಲ್ಲಿ ನೀಲಿ ಕೊಡೆ ಕಂಡಿತು. ಗಾಡಿ ಬರುತ್ತದೆ, ಅಂಚಿನಲ್ಲೇ ನಡಿ ಎಂದು ಮಕ್ಕಳಿಗೆ ಹೇಳಿಕೊಟ್ಟವರು ನಾವೇ ಅಲ್ಲವೇ? ಸಿಂಚನ ಅಂಚಿನಲ್ಲೇ ಬರುತ್ತಿದ್ದಳು.

"ನಡುವಿಗೆ ಬಾರೇ! ನಡುವಿಗೆ!"

ಮಳೆಯ ಸದ್ದಿಗೆ ಶೋಭಕ್ಕನ ಕೂಗು ಗೇಟು ದಾಟಲಿಲ್ಲ. ಮಾವಿನಕಾಯಿ ಕೊಯ್ಯುವ ದೋಟಿ ಹಿಡಿದು ನೀರಿಗಿಳಿದರು, ಗುಂಡಿಗಾಗಿ ತಡಕಾಡತೊಡಗಿದರು. ನಾನು ಕೈ ಬೀಸುತ್ತಾ ನಿಂತಿದ್ದೆ.

ಊಟಕ್ಕೆ ಮನೆಗೆ ಬರುತ್ತಿದ್ದ ಎದುರು ಮನೆಯ ಮಂಜಣ್ಣ ನಮ್ಮನ್ನು ನೋಡಿ, ತಮ್ಮ ಆಟೋವನ್ನು ಹುಡುಗಿಗೆ ಅಡ್ಡ ನಿಲ್ಲಿಸಿದರು.

"ಹತ್ತು ಮಾರಾಯ್ತಿ, ನಿಮ್ಮಮ್ಮ ಮೀನು ಹಿಡೀತಿದಾರೆ!"

ಆಟೋದಿಂದ ಒಂದೆರಡು ಮಾರು ಈಚೆ ಶೋಭಕ್ಕನ ದೋಟಿ ಸರ್ರನೆ ಒಳಗಿಳಿಯಿತು.

ಸಂಜೆ ಬೀದಿಯವರೆಲ್ಲ ಸೇರಿದೆವು. ಮೇಲಿನ ಕೆರೆ ಮುಚ್ಚಿ ಸೈಟ್ ಮಾಡಿದ್ದೇ ಕಾರಣ ಎಂದರು ಒಬ್ಬರು. ಚರಂಡಿ ಅಗಲ ಮಾಡಬೇಕು, ಜಾಲರಿ ಹಾಕಿಸಬೇಕು ಎಂದರು ಇನ್ನೊಬ್ಬರು.

"ಸಿಪ್ಪೆ ಸುರಿದಿದ್ದು ಯಾರು ಮಾರಾಯ್ರೆ? ಕೆರೆನಾ?" ಎಂದರು ಮಂಜಣ್ಣ.

ಎಲ್ಲ ಸ್ಲ್ಯಾಬ್ ತೆಗೆಸಿ ಚರಂಡಿ ಪೂರ್ತಿ ಕ್ಲೀನ್ ಮಾಡಿಸೋಣ ಎಂದು ಅವರೇ ಹೇಳಿದಾಗ ಎಲ್ಲರಿಗೂ ಕಾರು ನೆನಪಾಯಿತು. (ನಮ್ಮ ಬೀದಿಯಲ್ಲಿ ಕಾರು ನಿಲ್ಲುವುದು ಚರಂಡಿಯ ಮೇಲೆಯೇ.) ಕೊನೆಗೆ ಆಗಿದ್ದು ಒಂದೇ ಕೆಲಸ. ತೆಗೆದ ಸ್ಲ್ಯಾಬನ್ನು ಮತ್ತೆ ಮುಚ್ಚಿದರು.

ಇಂದು ಮತ್ತೆ ಅದೇ ಮಳೆ. ಹೊಸ್ತಿಲವರೆಗೂ ನೀರು. ಸಿಂಚನ ಶಾಲೆಯಲ್ಲಿದ್ದಾಳೆ. ಕಾಂಪೌಂಡಿನ ಆಚೆಯಿಂದ ಶೋಭಕ್ಕ ಕೇಳುತ್ತಿದ್ದಾರೆ:

"ನೀನು ಓದಿದವಳು, ಹೇಳೇ. ಸ್ಲ್ಯಾಬ್ ತೆಗೆಸ್ಲಾ, ಬೇಡ್ವಾ?"