ಎಡಗಾಲು ಮುಂದೆ

ಫ್ಲೇವಿಯಾಳಿಗೆ ‘ನಿನ್ನ ಕೈಲಿ ಆಗಲ್ಲ’ ಎಂದು ಯಾರೂ ಹೇಳಬಾರದು. ಹೇಳಿದರೆ ಮುಗಿಯಿತು, ಅದನ್ನು ಮಾಡಿಯೇ ತೀರುತ್ತಾಳೆ, ಜೊತೆಗೆ ನನ್ನನ್ನೂ ಎಳೆದುಕೊಂಡು ಹೋಗುತ್ತಾಳೆ. ಐರ್ಲೆಂಡಿನ ಲೂಕನ್‌ನಲ್ಲಿ ನಮ್ಮದೂ ಅವಳದೂ ಅಂಟಿಕೊಂಡ ಮನೆಗಳು, ನಡುವೆ ಒಂದೇ ಗೋಡೆ. ನಾನು ಮೈಸೂರಿನವಳು, ಅವಳು ಮಂಗಳೂರಿನ ಕ್ಯಾಥೊಲಿಕ್ ಹೆಂಗಸು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ಅವಳ ಉದ್ಯೋಗ. ಮನೆಗೆ ಬಂದ ಮೇಲೆ ನನ್ನ ತಾಳ್ಮೆ ಪರೀಕ್ಷೆ.

ಅವಳ ಗಂಡ ನೆಲ್ಸನ್ ತೀರಿಕೊಂಡು ನಾಲ್ಕು ವರ್ಷವಾಯಿತು. ಪುಣ್ಯಾತ್ಮ ವಾಲ್ಟ್ಜ್ ಕುಣಿಯುವುದನ್ನು ನೋಡಬೇಕಿತ್ತು! ಅವರಲ್ಲಿ ಮದುವೆ ಎಂದರೆ ಊಟದಷ್ಟೇ ಕುಣಿತವೂ ಮುಖ್ಯ. ಗಂಡಸು ಲೀಡ್ ಮಾಡುತ್ತಾನೆ, ಎಡಗಾಲು ಮುಂದಿಡುತ್ತಾನೆ. ಹೆಂಗಸು ಬಲಗಾಲು ಹಿಂದಿಟ್ಟು ಅವನು ಕರೆದೊಯ್ದ ಕಡೆ ಹೋಗುತ್ತಾಳೆ. ಮನೆಯಲ್ಲಿ ನೆಲ್ಸನ್‌ನನ್ನು ಕುಣಿಸುತ್ತಿದ್ದವಳು ಇವಳೇ. ಡಾನ್ಸ್ ಫ್ಲೋರಿನ ಮೇಲೆ ಮಾತ್ರ ಅವನು ತಿರುಗಿಸಿದ ಕಡೆ ತಿರುಗುತ್ತಿದ್ದಳು.

ಈ ವರ್ಷ ಮಗಳು ರೆಶೆಲ್‌ಗೆ ಮದುವೆ ಗೊತ್ತಾಯಿತು. ಹುಡುಗ ಐರಿಷ್. ರಿಸೆಪ್ಷನ್‌ನಲ್ಲಿ ಮದುಮಗಳು ಅಪ್ಪನ ಜೊತೆ ಒಂದು ವಾಲ್ಟ್ಜ್ ಕುಣಿಯುವುದು ಪದ್ಧತಿ. ನೆಲ್ಸನ್‌ನ ತಮ್ಮ ಡೆರಿಕ್ ಗಡಿಯ ಊರು ಡನ್‌ಡಾಕ್‌ನಿಂದ ಬಂದು ಸೋಫಾದಲ್ಲಿ ಕೂತು ತೀರ್ಪು ಕೊಟ್ಟ. ನನಗೂ ಅರ್ಥವಾಗಲಿ ಎಂದೋ ಏನೋ, ಕೊಂಕಣಿ ಬಿಟ್ಟು ಕನ್ನಡದಲ್ಲೇ.

“ಅಣ್ಣನ ಜಾಗದಲ್ಲಿ ನಾನು ಕುಣೀತೇನೆ ಅತ್ತಿಗೆ. ನೀವು ಎದುರು ಕೂತ್ಕೊಂಡು ನೋಡಿ. ಗಂಡ ಇಲ್ಲದವರು ಫ್ಲೋರಿಗೆ ಇಳಿದ್ರೆ ಜನ ಎಂತ ಹೇಳ್ತಾರೆ?”

“ಅಪ್ಪ ಇಲ್ಲದಿದ್ರೆ ಎಂತ? ಅಮ್ಮ ಇದ್ದಾಳಲ್ಲ. ನಾನೇ ಕುಣೀತೇನೆ.”

ಡೆರಿಕ್ ನಕ್ಕ. “ನಿಮಗೆ ಲೀಡ್ ಮಾಡ್ಲಿಕ್ಕೆ ಬರ್ತದಾ?”

ಬರುತ್ತಿರಲಿಲ್ಲ. ಅದು ನಿಜವಾದ್ದರಿಂದಲೇ ಅವಳಿಗೆ ಚುಚ್ಚಿತು. ಅವನು ಹೋದದ್ದೇ ತಡ, ಅಡುಗೆಮನೆಯಲ್ಲಿ ನನ್ನನ್ನು ಹಿಡಿದುಕೊಂಡು ಅಭ್ಯಾಸ ಶುರುಮಾಡಿದಳು. ಸಂಗೀತ ಬಂದರೆ ಸಾಕು, ಅವಳ ಬಲಗಾಲು ತಾನಾಗಿ ಹಿಂದೆ ಹೋಗುತ್ತಿತ್ತು. ಹೆಂಗಸಾಗಿ ನಾನೂ ಹಿಂದೆಯೇ ಹೋಗಬೇಕಲ್ಲ? ಅವಳು ಸಿಂಕಿಗೆ, ನಾನು ಫ್ರಿಜ್ಜಿಗೆ ಡಿಕ್ಕಿ.

“ಈ ನೆಲವೇ ಸರಿ ಇಲ್ಲ,” ಅಂದಳು.

“ಕುಣಿಯಲಾರದವಳಿಗೆ ನೆಲ ಡೊಂಕಂತೆ,” ಅಂದೆ.

ಅವಳು ನಗಲಿಲ್ಲ. ಕಣ್ಣಲ್ಲಿ ನೀರಿತ್ತು. “ಅನಸೂಯ, ಆ ದಿನ ನಾನು ಕುರ್ಚಿಯಲ್ಲಿ ಕೂತ್ರೆ ಸಾಯುವವರೆಗೂ ಕೂತ ಹಾಗೆಯೇ ಮಾರಾಯ್ತಿ.” ನನ್ನ ಬಾಯಿಗೆ ನಾನೇ ಶಾಪ ಹಾಕಿಕೊಂಡೆ.

ಮದುವೆಗೆ ಮುಂಚೆ ಗೆಳತಿಯರೆಲ್ಲ ಮದುಮಗಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಿ ಕುಡಿದು ಕುಣಿಯುವುದು ಐರ್ಲೆಂಡಿನ ರೂಢಿ. ಹೆನ್ ಪಾರ್ಟಿ ಎನ್ನುತ್ತಾರೆ. ರೆಶೆಲ್‌ಳದು ಬರ್ಲಿನ್‌ನಲ್ಲಿ. ಅವಳು ಅಮ್ಮನನ್ನು ಕರೆದಳು, ಅಮ್ಮ ನನ್ನನ್ನು. ಐವತ್ತು ದಾಟಿದ ನಾವಿಬ್ಬರು ಹೆನ್ ಪಾರ್ಟಿಯ ಗುಲಾಬಿ ಪಟ್ಟಿಯನ್ನು ಹೆಗಲಿಗೆ ಅಡ್ಡ ಹಾಕಿಕೊಂಡು ಏರ್‌ಪೋರ್ಟಿನಲ್ಲಿ ನಿಂತ ಫೋಟೊವನ್ನು ನನ್ನ ಯಜಮಾನರು ಮೈಸೂರಿನ ನೆಂಟರಿಗೆಲ್ಲ ಕಳಿಸಿ ನನ್ನ ಮಾನ ಕಳೆದರು.

ಬರ್ಲಿನ್‌ನಲ್ಲಿ ಹಗಲು ಹೊತ್ತು ಹುಡುಗಿಯರು ಮಲಗಿದ್ದರು. ನಾವು ಗೈಡ್ ಜೊತೆ ಗೋಡೆ ನೋಡಲು ಹೋದೆವು. ಎಲ್ಲಿದೆ ಗೋಡೆ? ಬಹಳ ಕಡೆ ರಸ್ತೆಯಲ್ಲಿ ಎರಡು ಸಾಲು ಕಲ್ಲು, ಅಷ್ಟೇ. ಅದರ ಮೇಲೆ ಸೈಕಲ್ ಹೋಗುತ್ತದೆ, ಮಕ್ಕಳ ತಳ್ಳುಗಾಡಿ ಹೋಗುತ್ತದೆ. ಒಂದು ಕಾಲಕ್ಕೆ ಇದನ್ನು ದಾಟಲು ಹೋಗಿ ಜನ ಗುಂಡೇಟು ತಿಂದಿದ್ದರು. ಡನ್‌ಡಾಕ್‌ನಿಂದಾಚೆ ಐರ್ಲೆಂಡನ್ನು ಎರಡು ಮಾಡಿದ ಗಡಿಯೂ ಈಗ ಹೀಗೆಯೇ, ಕಾರಿನಲ್ಲಿ ಹೋದರೆ ದಾಟಿದ್ದೇ ಗೊತ್ತಾಗುವುದಿಲ್ಲ. ಹಿಂದೆ ಅಲ್ಲೂ ಸೈನಿಕರು ಕಾಯುತ್ತಿದ್ದರಂತೆ. ಯಾರೋ ಗೆರೆ ಎಳೆಯುತ್ತಾರೆ, ಇನ್ಯಾರೋ ಸಾಯುತ್ತಾರೆ, ಆಮೇಲೆ ಮೊಮ್ಮಕ್ಕಳು ಅದರ ಮೇಲೆ ಐಸ್‌ಕ್ರೀಮ್ ತಿನ್ನುತ್ತಾ ನಡೆಯುತ್ತಾರೆ.

ಫ್ಲೇವಿಯಾ ಆ ಕಲ್ಲಿನ ಮೇಲೆ ನಿಂತು, “ಡೆರಿಕ್ ಎಳೆದ ಗೆರೆ ಇದಕ್ಕಿಂತ ದೊಡ್ಡದಾ?” ಅಂದಳು.

“ಥೂ, ಎಲ್ಲಿಗೆಲ್ಲಿಗೆ ಗಂಟು ಹಾಕ್ತೀಯ ಕಣೆ?” ಅಂದೆ.

ಅಷ್ಟರಲ್ಲಿ ಗೈಡ್ ಇನ್ನೊಂದು ಕಥೆ ತೆಗೆದ. ಎರಡನೇ ಮಹಾಯುದ್ಧಕ್ಕೆ ಹೋದ ಗಂಡಸರು ಎಷ್ಟೋ ಮಂದಿ ತಿರುಗಿ ಬರಲಿಲ್ಲ. ಹಳೆಯ ಡಾನ್ಸ್ ಹಾಲ್‌ಗಳಲ್ಲಿ ಹೆಂಗಸರು ಹೆಂಗಸರ ಜೊತೆಯೇ ಕುಣಿದರು, ಗಂಡಸಿನ ಹೆಜ್ಜೆಯನ್ನೂ ಕಲಿತರು ಎಂದ. ಫ್ಲೇವಿಯಾಳ ಕಿವಿ ನೆಟ್ಟಗಾಯಿತು. ಅಂಥದ್ದೊಂದು ಹಾಲ್ ಈಗಲೂ ಇದೆಯಾ ಎಂದು ಕೇಳಿ ವಿಳಾಸ ಪಡೆದೇ ಬಿಟ್ಟಳು.

ಸಂಜೆ ಹುಡುಗಿಯರು ಒಂದು ಕ್ಲಬ್ಬಿನ ಮುಂದೆ ಮಾರುದ್ದ ಸಾಲಿನಲ್ಲಿ ನಿಂತರು. ಬಾಗಿಲಲ್ಲಿದ್ದವನು ಗುಲಾಬಿ ಪಟ್ಟಿಗಳನ್ನು ನೋಡಿ ತಲೆಯಾಡಿಸಿದ, ಪ್ರವೇಶವಿಲ್ಲ. ಅವರು ಗೊಣಗುತ್ತಾ ಬೇರೆ ಕ್ಲಬ್ ಹುಡುಕಿಕೊಂಡು ಹೋದರು. ನಾವು ಹಾಲ್‌ಗೆ ಹೋದೆವು. ಮಾಸಿದ ಕನ್ನಡಿಗಳು, ಮರದ ನೆಲ, ನಾಲ್ಕು ಜನರ ಬ್ಯಾಂಡ್. ನನಗಿಂತ ಮುದುಕಿಯರು ಲಿಪ್‌ಸ್ಟಿಕ್ ಹಚ್ಚಿ ಗರಗರ ತಿರುಗುತ್ತಿದ್ದರು.

ಫ್ಲೇವಿಯಾ ಏನು ಮಾಡಿದಳು ಗೊತ್ತೇ? ಗೋಡೆ ಪಕ್ಕದ ಕುರ್ಚಿಯಲ್ಲಿ ಮಡಿಲಲ್ಲಿ ಕೈಯಿಟ್ಟು ಕೂತಳು. ಮಂಗಳೂರಿನಲ್ಲಿ ಹೆಂಗಸರು ಹಾಗೆಯೇ ಕೂರುತ್ತಾರೆ, ಗಂಡಸು ಬಂದು ಕೇಳಬೇಕು. ಹಾಡಿನ ಮೇಲೆ ಹಾಡು ಮುಗಿಯಿತು. ನನಗೆ ರೇಗಿತು.

“ಇದೇನು ವಧು ಪರೀಕ್ಷೆನಾ? ಕಾಫಿ ತಟ್ಟೆ ತರಿಸ್ಲಾ? ಎದ್ದು ಹೋಗಿ ನೀನೇ ಕೇಳೆ!”

ಅವಳು ದುರುಗುಟ್ಟಿ ನೋಡಿ ಎದ್ದಳು. ಉರ್ಸುಲಾ ಎಂಬ ಅಜ್ಜಿಯ ಮುಂದೆ ಹೋಗಿ ಕೈ ಚಾಚಿದಳು. ಸಂಗೀತ ಶುರುವಾಯಿತು, ಹಾಳು ಬಲಗಾಲು ಹಿಂದೆ ಹೋಯಿತು. ಮತ್ತೊಮ್ಮೆ, ಮತ್ತೆ ಹಿಂದೆ. ಆಮೇಲೆ ಅಜ್ಜಿಯ ಪಾದವನ್ನೇ ತುಳಿದಳು. ಉರ್ಸುಲಾ ಕೈ ಬಿಡಲಿಲ್ಲ. ತನ್ನ ಅಪ್ಪ ಯುದ್ಧದಿಂದ ಬರಲಿಲ್ಲವೆಂದೂ ತನಗೆ ಕುಣಿತ ಕಲಿಸಿದ್ದು ಅಮ್ಮನೇ ಎಂದೂ ಮುರುಕು ಇಂಗ್ಲಿಷಿನಲ್ಲಿ ಹೇಳಿದಳು. ಅಮ್ಮನೂ ಮೊದಮೊದಲು ಹಿಂದೆಯೇ ಹೋಗುತ್ತಿದ್ದಳಂತೆ. ಫ್ಲೇವಿಯಾ ಒಮ್ಮೆ ಕಣ್ಣು ಮುಚ್ಚಿ, ತೆರೆದು, ಎಡಗಾಲು ಮುಂದಿಟ್ಟಳು.

“ನಮ್ಮಲ್ಲಾದ್ರೆ ಬಲಗಾಲು ಮುಂದೆ ಕಣೆ!” ಎಂದು ಕೂಗಿದೆ.

“ಸುಮ್ನಿರು ಮಾರಾಯ್ತಿ, ಲೆಕ್ಕ ತಪ್ಪುತ್ತದೆ!”

ಬ್ಯಾಂಡಿನವರು ಪೆಟ್ಟಿಗೆ ಮುಚ್ಚುವವರೆಗೂ ಅವಳು ಕೂರಲಿಲ್ಲ.

ಮದುವೆಯ ರಿಸೆಪ್ಷನ್ ಡನ್ ಲಿಯರಿಯಲ್ಲಿ, ಸಮುದ್ರದ ಎದುರಿನ ಹೋಟೆಲಿನಲ್ಲಿ. ಕೇಕ್ ಆಯಿತು, ಗ್ಲಾಸೆತ್ತಿ ಟೋಸ್ಟ್ ಹೇಳಿದ್ದಾಯಿತು. ಮೈಕ್ ಹಿಡಿದವನು, “ಮದುಮಗಳ ಜೊತೆ ಅಪ್ಪನ ಜಾಗದಲ್ಲಿ ಡೆರಿಕ್ ಅಂಕಲ್!” ಎಂದ. ಡೆರಿಕ್ ಅವನಿಗೆ ಮೊದಲೇ ಗುಟ್ಟಾಗಿ ಹೇಳಿಕೊಟ್ಟಿದ್ದ. ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಎದ್ದೂ ಬಿಟ್ಟ. ನನ್ನ ಮೈ ಉರಿಯಿತು.

ಫ್ಲೇವಿಯಾ ಅವನಿಗಿಂತ ಮೊದಲೇ ಫ್ಲೋರಿನ ನಡುವೆ ನಿಂತಿದ್ದಳು. “ಕೂತ್ಕೊ ಡೆರಿಕ್. ನಾನಿದ್ದೇನೆ.”

ರೆಶೆಲ್ ಬಂದು ಅಮ್ಮನ ಭುಜದ ಮೇಲೆ ಕೈಯಿಟ್ಟಳು. ಬ್ಯಾಂಡ್ ಶುರುವಾಯಿತು. ಫ್ಲೇವಿಯಾಳ ಬಲಗಾಲು ಕದಲಿತು. ಅಯ್ಯೋ ದೇವರೇ, ಎಂದುಕೊಂಡೆ.

“ಮ್ಯಾಮ್, ಯು ಆರ್ ಗ್ರ್ಯಾಂಡ್,” ಎಂದಳು ಮಗಳು, ಐರಿಷರು ‘ಏನೂ ಆಗಲ್ಲಮ್ಮ’ ಎನ್ನುವ ಹಾಗೆ.

ಎಡಗಾಲು ಮುಂದೆ ಬಂತು. ಅಮ್ಮ ಮಗಳನ್ನು ಇಡೀ ಫ್ಲೋರ್ ತಿರುಗಿಸಿದಳು. ನಾನು ಎಲ್ಲರೆದುರಿಗೆ ಗೊಳೋ ಎಂದು ಅತ್ತೆ, ನಾಚಿಕೆಯೇನೂ ಆಗಲಿಲ್ಲ.

ಹಾಡು ಮುಗಿದ ಮೇಲೆ ಅವಳು ನೆಟ್ಟಗೆ ಡೆರಿಕ್‌ನ ಕುರ್ಚಿಯ ಮುಂದೆ ಹೋಗಿ ಕೈ ಚಾಚಿದಳು. “ಬಾ, ಮುಖ ಸಣ್ಣ ಮಾಡ್ಬೇಡ. ಈಗ ನಮ್ಮಿಬ್ಬರದ್ದು. ಲೀಡ್ ನಾನೇ.”

ಅಷ್ಟು ಜನ ನೋಡುತ್ತಿರುವಾಗ ಇಲ್ಲವೆನ್ನುವುದು ಹೇಗೆ? ಬಂದ. ಅಭ್ಯಾಸ ಬಲದಿಂದ ಎಡಗಾಲು ಮುಂದಿಟ್ಟ, ಅವಳ ಮೊಣಕಾಲಿಗೆ ತಾಗಿತು. ಅವಳು ಜಗ್ಗಲಿಲ್ಲ. ಡೆರಿಕ್ ತನ್ನ ಕಾಲನ್ನೊಮ್ಮೆ ನೋಡಿಕೊಂಡ. ಆಮೇಲೆ, ಜೀವಮಾನದಲ್ಲಿ ಮೊದಲ ಸಲ, ಬಲಗಾಲು ಹಿಂದಿಟ್ಟ.