ಹಂಸದ ಏಣಿ ನಿಲ್ಲಿಸುವವರು ಯಾರು?

ಯಾರಕ್ಕ ಹುಟ್ಟಿದ ಕೂಡಲೇ ಅಳಲಿಲ್ಲವಂತೆ. ಸೂಲಗಿತ್ತಿಯ ಮುಖವನ್ನೇ ದಿಟ್ಟಿಸಿ, "ಇಲ್ಲಿ ಜವಾಬ್ದಾರಿ ಯಾರದು?" ಎಂದು ಕೇಳಿದಳಂತೆ. ಇದನ್ನು ಹೇಳುವವರು ಅವಳ ಗಂಡ. ಅವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಇದ್ದದ್ದಕ್ಕೆ ಬಣ್ಣ ಹಚ್ಚುವುದೇ ಅವರ ಕಸುಬು. ಆದರೂ ಮಾತು ಪೂರ್ತಿ ಸುಳ್ಳಲ್ಲ. ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗವನ್ನು ಇಪ್ಪತ್ತಾರು ವರ್ಷ ಆಳಿದವಳು ಅವಳು. ಯಾರಾದರೂ "ಮಾಡೋಣ ಬಿಡಿ" ಅಂದರೆ ಸಾಕು, "ಯಾರು? ಯಾವತ್ತು?" ಎಂದು ಕೇಳಿ, ಉತ್ತರ ಬರುವ ತನಕ ರೆಪ್ಪೆ ಬಡಿಯುತ್ತಿರಲಿಲ್ಲ. ಆ ನೋಟಕ್ಕೆ ಹೆದರಿ ಕೆಟ್ಟು ನಿಂತ ಯಂತ್ರಗಳೂ ತಾವಾಗಿಯೇ ತಿರುಗುತ್ತಿದ್ದವು ಎಂದು ಪ್ರತೀತಿ. ಹೀಗೆ ಅಪ್ಪ ಅಮ್ಮ ಇಟ್ಟ ಹೆಸರು ಮೂಲೆಗೆ ಬಿದ್ದು, ಯಾರಕ್ಕ ಎಂಬುದೇ ನಿಂತಿತು.

ಅವಳು ನಿವೃತ್ತಳಾದ ಮೊದಲ ವಾರ ಆ ನೋಟ ಮೇಷ್ಟ್ರ ಪಾಲಿಗೆ ಬಂತು.

"ಹಾಲು ತರೋದು ಯಾರು?"

"ಮನೇಲಿರೋದು ಇಬ್ರು. ಅದ್ರಲ್ಲಿ ನೀನು ಕಾಲು ಚಾಚಿ ಕೂತಿದ್ದೀಯ. ಇನ್ನು ಯಾರು ಅಂತ ಪತ್ತೇದಾರರನ್ನ ಕರೆಸ್ಬೇಕಾ?"

ಎರಡನೇ ವಾರ ಮೇಷ್ಟ್ರೇ ಬೀದಿ ಬೀದಿ ಅಲೆದು, "ನಿಮ್ಮ ಕಂಪನಿಗೆ ಬುದ್ಧಿ ಹೇಳೋರು ಬೇಕಾ? ನಮ್ಮನೇಲೊಬ್ರು ಇದ್ದಾರೆ. ನಿಮ್ಮ ದಮ್ಮಯ್ಯ, ಕರ್ಕೊಂಡು ಹೋಗಿ" ಎಂದು ಸಾರಿ ಬಂದರು. ಯಾರಕ್ಕ ಬಿಸಿನೆಸ್ ಕೋಚ್ ಆದದ್ದು ಹೀಗೆ.

ಒಂದು ದಿನ ಅವಳನ್ನು ಏಣಿ ಕಾರ್ಖಾನೆಗೆ ಕರೆದರು. ಕಾರ್ಖಾನೆ ಕಟ್ಟಿದ ಯಜಮಾನರಿಗೆ ಎಂಬತ್ತು ದಾಟಿತ್ತು. ಹನ್ನೆರಡು ವರ್ಷದಿಂದ ನಡೆಸುತ್ತಿರುವವಳು ಮಗಳು. ದೊಡ್ಡ ಗೋದಾಮಿನವರೊಬ್ಬರು ಇನ್ನೂರು ಏಣಿ ಕೇಳಿದ್ದರು. ಹಿಂದಿನ ಎರಡು ಸಲವೂ ಸರಕು ತಡವಾಗಿತ್ತು. ಈ ಸಲವೂ ತಡವಾದರೆ ಅವರು ಬೇರೆ ಕಡೆ ಹೋಗುತ್ತಾರೆ, ಇರುವ ಮೂರು ಶೆಡ್ಡುಗಳಲ್ಲಿ ಎರಡಕ್ಕೆ ಬೀಗ ಬೀಳುತ್ತದೆ. ಉಳಿದದ್ದು ಐದೇ ವಾರ.

"ಪ್ಲಾನ್ ಅಂತ ಏನೂ ಇಲ್ವಾ?" ಎಂದಳು ಯಾರಕ್ಕ.

"ಅಯ್ಯೋ, ಇಲ್ದೆ ಏನಕ್ಕ!" ಎಂದು ಮಗಳು ಒಂದು ಫೈಲು ತರಿಸಿದಳು. ಹೋದ ವರ್ಷ ಸೂಟುಬೂಟಿನ ಸಲಹೆಗಾರರು ಬರೆದುಕೊಟ್ಟ ಸ್ಟ್ರಾಟಜಿ. ಹೊತ್ತು ತರಲು ಇಬ್ಬರು ಬೇಕಾದರು; ಇಟ್ಟ ರಭಸಕ್ಕೆ ಮೇಜು ನೆಲದೊಳಗೆ ಎರಡಿಂಚು ಇಳಿಯಿತು. ಮುನ್ನೂರು ಪುಟ ಹಿಂಡಿದರೆ ಸಿಗುತ್ತಿದ್ದದ್ದು ಒಂದೇ ಹನಿ: ನಲವತ್ತೆರಡು ನಮೂನೆಯ ಏಣಿ ಬಿಡಿ, ಐದೇ ನಮೂನೆ ಮಾಡಿ, ಹೊತ್ತಿಗೆ ಸರಿಯಾಗಿ ಕೊಡಿ.

"ಇದಕ್ಕೆ ಒಪ್ಪಿದ್ದು ಯಾರು?"

"ಎಲ್ರೂ!"

"ಉಳಿದ ಮೂವತ್ತೇಳನ್ನ ನಿಲ್ಲಿಸಿದ್ದು ಯಾರು?"

ಫೈಲು ಹೊತ್ತು ತಂದಿದ್ದ ಶೆಡ್ಡಿನ ಮೇಸ್ತ್ರಿ, "ಎಲ್ರೂ ಸೇರಿ ನಿಲ್ಸೋಣ ಅಂತ..." ಎಂದು ರಾಗ ಎಳೆದ.

"ಹತ್ತು ಜನರ ನಡುವೆ ಹಾವು ಸಾಯಲ್ಲಪ್ಪಾ" ಎಂದು ಯಾರಕ್ಕ ಎದ್ದು ಶೆಡ್ಡು ಸುತ್ತಲು ಹೊರಟಳು.

ಹಣ್ಣು ಕೀಳುವ ಏಣಿ, ಅಟ್ಟದ ಏಣಿ, ಎಡಚರ ಏಣಿ ಎಲ್ಲ ಅಲ್ಲಿದ್ದವು. ಹಿಂದಿನ ಶೆಡ್ಡಿನ ತುಂಬ ನಿಂತಿದ್ದದ್ದು ಹಂಸದ ಏಣಿ. ಅದರ ತುದಿ ಹಂಸದ ಕೊರಳಿನಂತೆ ಬಾಗಿರುತ್ತದೆ. ಆ ಕೊರಳು ಬಗ್ಗಿಸಲು ಮೇಸ್ತ್ರಿಗೂ ಅವನ ಕೈಕೆಳಗಿನ ಐವರಿಗೂ ವಾರದಲ್ಲಿ ನಾಲ್ಕು ದಿನ ಹಿಡಿಯುತ್ತಿತ್ತು. ಹತ್ತಿದವನು ಇಳಿಯಲಾರ, ಇಳಿದವನು ಮತ್ತೆ ಹತ್ತಲಾರ. ಕೊನೆಯದು ಮಾರಾಟವಾಗಿ ಒಂಬತ್ತು ವರ್ಷವಾಗಿತ್ತು.

"ಮತ್ಯಾಕೆ ಮಾಡ್ತೀರಿ?"

ಮಗಳು ದನಿ ತಗ್ಗಿಸಿದಳು. "ಅದು ನಮ್ಮಪ್ಪನ ಕೈಯ ಕೂಸು ಅಕ್ಕ. ನಿಲ್ಸಿದ್ರೆ ಎದೆ ಒಡ್ಕೊಂಡ್ಬಿಡ್ತಾರೆ. ದಿನಾ ಬಂದು ಮೈ ಸವರ್ತಾರೆ, ನೋಡಿ."

ನಿಜವೇ. ಯಜಮಾನರು ಒಂದು ಬಟ್ಟೆ ಹಿಡಿದು ಏಣಿಗಳ ನಡುವೆ ನಿಂತಿದ್ದರು.

"ಅವರನ್ನ ಕೇಳಿದ್ದು ಯಾರು?"

"ನೀವೇ ಕೇಳ್ಬಿಡಿ ಅಕ್ಕ, ಪುಣ್ಯ ಬರುತ್ತೆ."

"ನಾನು ಕೇಳಿದ್ರೆ, ನಾನು ಗೇಟು ದಾಟಿದ ಮರುಗಳಿಗೆ ಮತ್ತೆ ಶುರುವಾಗುತ್ತೆ. ಅಪ್ಪ ನಿನ್ನವರು, ಕಾರ್ಖಾನೆ ನಿನ್ನದು. ನೀನೇ ಕೇಳು. ಈಗ್ಲೇ."

ಮಗಳು ನಡೆದದ್ದು ಹದಿನೈದು ಹೆಜ್ಜೆ, ಬೆವರಿದ್ದು ಎರಡು ಬಿಂದಿಗೆ.

"ಅಪ್ಪಾ... ಈ ಹಂಸದ ಏಣಿ... ನಿಲ್ಸಿಬಿಡ್ಲಾ?"

ಯಜಮಾನರ ಕೈಯ ಬಟ್ಟೆ ಕೆಳಗೆ ಬಿತ್ತು. "ಏನಂದೆ?"

ಮೇಸ್ತ್ರಿ ಕಣ್ಣು ಮುಚ್ಚಿಕೊಂಡ.

"ಈ ದರಿದ್ರದ್ದನ್ನ ಯಾಕೆ ಮಾಡಿಸ್ತಾಳೋ ಅಂತ ಹನ್ನೆರಡು ವರ್ಷದಿಂದ ತಲೆ ಕೆಡಿಸ್ಕೊಂಡಿದ್ದೀನಲ್ಲೇ! ನಿನಗಿಷ್ಟ ಅಂತ ಬಾಯಿ ಮುಚ್ಕೊಂಡಿದ್ದೆ" ಎಂದರು ಯಜಮಾನರು.

"ನನಗಾ? ದಿನಾ ಸವರೋರು ನೀವು!"

"ಸವರೋದಾ? ಅಪ್ಪಿತಪ್ಪಿ ಯಾರಾದ್ರೂ ಕೊಳ್ಳೋಕೆ ಬಂದ್ರೆ ಧೂಳು ಕಾಣ್ಬಾರ್ದು ಅಂತ ಒರೆಸ್ತಿದ್ದೆ ಕಣೇ!"

"ನಿಮ್ಮಿಬ್ರಿಗೂ ಇಷ್ಟ ಅಂತ ನಾನು ಎರಡು ಸಲ ಬೆರಳು ಜಜ್ಜಿಸ್ಕೊಂಡೆನಲ್ಲ ಸ್ವಾಮಿ!" ಎಂದು ಮೇಸ್ತ್ರಿ ಗೋಳಿಟ್ಟ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎದ್ದ ನಗುವಿಗೆ ತಗಡಿನ ಚಾವಣಿ ಒಂದಡಿ ಮೇಲೆ ಹಾರಿ, ಸ್ವಲ್ಪ ವಾಲಿಕೊಂಡು ಮತ್ತೆ ಕೂತಿತು. ಇವತ್ತಿಗೂ ಹಾಗೇ ಇದೆ.

ಮುಂದಿನದು ಸಲೀಸಾಯಿತು. ಹಳೇ ಕ್ಯಾಲೆಂಡರಿನ ಬೆನ್ನಿಗೆ ಐದು ನಮೂನೆಗಳನ್ನೂ, ಪೈಪು ತರಿಸುವುದೇ ಮೊದಲಾದ ಕೆಲಸಗಳನ್ನೂ ಬರೆದರು. ಒಂದೊಂದರ ಮುಂದೆ ಒಬ್ಬರೇ ಒಬ್ಬರ ಹೆಸರು, ಒಂದು ತಾರೀಖು. ಪ್ರತಿ ಸೋಮವಾರ ಅದರ ಮುಂದೆ ಹತ್ತು ನಿಮಿಷ ನಿಂತೇ ಸಭೆ. ಎರಡನೇ ವಾರ ಪೈಪು ಬರುವುದು ಮೂರು ದಿನ ತಡವಾದಾಗ, ಮೊದಲಾಗಿದ್ದರೆ ಎಲ್ಲರೂ ಆಕಾಶ ನೋಡುತ್ತಿದ್ದರು. ಈಗ ಪೈಪಿನ ಮುಂದೆ ಹೆಸರಿದ್ದವನು ತಾನೇ ಲಾರಿ ಹತ್ತಿ ಹೋಗಿ ತಂದ. ಯಜಮಾನರು ತಮಗೂ ಒಂದು ಕೆಲಸ ಬೇಕೆಂದು ಹಟ ಹಿಡಿದರು. ಬೇರೆ ನಮೂನೆ ಕೇಳಿ ಬಂದವರಿಗೆ "ಇಲ್ಲ" ಎನ್ನುವ ಕೆಲಸ ಅವರಿಗೆ ಸಿಕ್ಕಿತು. ಜನ್ಮದಲ್ಲಿ ಗಿರಾಕಿಗೆ ಇಲ್ಲ ಅಂದವರಲ್ಲ. ಮೂರು ದಿನ ಕನ್ನಡಿ ಮುಂದೆ ಅಭ್ಯಾಸ ಮಾಡಿದರು. ನಾಲ್ಕನೇ ದಿನ ಅವರು ಹೇಳಿದ "ಇಲ್ಲ" ಎಷ್ಟು ಸಿಹಿಯಾಗಿತ್ತೆಂದರೆ, ಎಡಚರ ಏಣಿ ಕೇಳಲು ಬಂದವನು ಸಾದಾ ಏಣಿ ಎರಡು ಕೊಂಡು, ಕೈ ಮುಗಿದು ಹೋದ.

ಇನ್ನೂರು ಏಣಿಗಳು ಗಡುವಿಗೆ ಎರಡು ದಿನ ಮೊದಲೇ ಲಾರಿ ಹತ್ತಿದವು. ಒಂದು ಗಂಟೆಯೊಳಗೆ ಗೋದಾಮಿನ ಮ್ಯಾನೇಜರರ ಫೋನು ಬಂತು. ಮಗಳು ಫೋನು ಎತ್ತಿ ಕಿವಿಯಿಂದ ಮೊಳದಷ್ಟು ದೂರ ಹಿಡಿದಳು. ಶೆಡ್ಡಿಗೆಲ್ಲ ಕೇಳಿಸಿತು.

"ಏನಮ್ಮಾ ಇದು ಅನ್ಯಾಯ! ನೀವು ತಿಂಗಳು ತಡ ಮಾಡ್ತೀರಿ ಅಂತ ಜಾಗಾನೇ ಖಾಲಿ ಮಾಡಿಲ್ಲ. ಲಾರಿ ಗೇಟಲ್ಲಿ ನಿಂತಿದೆ, ಎಲ್ಲಿ ಇಳಿಸ್ಲಿ? ಮುಂದಿನ ಮುನ್ನೂರಕ್ಕಾದ್ರೂ ಮುಂಚೆ ಒಂದು ಮಾತು ಹೇಳ್ಬಾರ್ದಾ?"

"ಮುಂದಿನ ಮುನ್ನೂರಾ?" ಎಂದಳು ಮಗಳು.

"ಹೂಂ, ಮುನ್ನೂರು! ಇನ್ನೇನು ಬೇರೆ ಕಡೆ ಹೋಗ್ಲಾ?"

ಇಷ್ಟು ಸೊಗಸಾದ ಬೈಗುಳ ಆ ಕಾರ್ಖಾನೆ ಎಂದೂ ಕೇಳಿರಲಿಲ್ಲ. ಯಜಮಾನರು ಕಣ್ಣೊರೆಸಿಕೊಳ್ಳುತ್ತಾ, "ಇನ್ನೊಂದು ಸಲ ಬೈಯೋಕೆ ಹೇಳೇ, ಆ ಮೂಲೆಯವರಿಗೆ ಸರಿಯಾಗಿ ಕೇಳಿಸ್ಲಿಲ್ಲ" ಎಂದರು.