ವೀರವ್ವನ ಕೈಯ ಅಳತೆ

ಅಕ್ಕಿಆಲೂರಿನಲ್ಲಿ ನಮ್ಮ ಭಾವ ಕರಿಬಸಪ್ಪನಷ್ಟು ಅನುಮಾನದ ಪ್ರಾಣಿ ಇನ್ನೊಂದಿರಲಿಲ್ಲ. ಹಾಲು ಕೊಂಡರೆ ಬೆರಳದ್ದಿ ನೆಕ್ಕುವನು, ಎಣ್ಣೆ ಕೊಂಡರೆ ಬತ್ತಿ ಹಚ್ಚಿ ನೋಡುವನು. ಬಾಗಿಲಿಗೆ ಹಾಕಿದ ಕೀಲಿಯನ್ನು ಜಗ್ಗಿ ನೋಡಿ, ಓಣಿಯ ತುದಿಗೆ ಹೋಗಿ, ತಿರುಗಿ ಬಂದು ಮತ್ತೆ ಜಗ್ಗುವನು. ಅವನು ನನ್ನ ಗಂಡನ ಅಣ್ಣ. ಅವನ ಹೆಂಡತಿ ವೀರವ್ವ ನನ್ನ ನೆಗೆಣ್ಣಿ; ನಾನು ಅಕ್ಕ ಅನ್ನುತ್ತಿದ್ದೆ. ಅವಳ ಕಥೆ ಹೇಳಬೇಕೆಂದರೆ ಈ ಮಹಾನುಭಾವನ ವಿಷಯ ತೆಗೆಯದೆ ವಿಧಿಯಿಲ್ಲ.

ಎರಡನೇ ಮಹಾಯುದ್ಧದ ಕಾಲ, ಅಕ್ಕಿಗೆ ಬರ. ಅಕ್ಕಿ ಎಂದರೆ ಎಲ್ಲರ ಕಣ್ಣೂ ಎಲ್ಲರ ಮೇಲೆ. ಗಿರಣಿಯಿಂದ ಬಂದ ಅಕ್ಕಿ ಕಡಿಮೆಯಾಯಿತೆಂದು ಭಾವ ಜಗಳ ತೆಗೆದ, ಅಲ್ಲಿಗೆ ಭತ್ತ ಕಳಿಸುವುದನ್ನೇ ನಿಲ್ಲಿಸಿದ. ಒನಕೆ ಅಕ್ಕನ ಕೈಗೆ ಬಂತು. ನಾನು ಬಾಣಂತಿ, ಕುಟ್ಟುವುದು, ಕೇರುವುದು ಎಲ್ಲ ಅವಳೊಬ್ಬಳದೇ. ಮನೆಯಲ್ಲಿ ಕುಟ್ಟಿದರೂ ಅಕ್ಕಿ ಗಿರಣಿಯಷ್ಟೇ ಬಂತು. ಆಗಿನಿಂದ ಭಾವ ಅಡಿಗೆಮನೆಯ ಬಾಗಿಲಲ್ಲಿ ಸುಮ್ಮಸುಮ್ಮನೆ ನಿಲ್ಲತೊಡಗಿದ. ಅಕ್ಕನ ತವರು ತಿಳವಳ್ಳಿಯಿಂದ ಅವಳ ಅಣ್ಣ ಬಸವಣ್ಣೆಪ್ಪ ಬಂದರೆ ಅವನ ಕೈಚೀಲದ ಮೇಲೇ ಕಣ್ಣು. ಬಾಯಿ ಬಿಟ್ಟು ಮಾತ್ರ ಏನೂ ಅನ್ನುತ್ತಿರಲಿಲ್ಲ.

ಯುದ್ಧ ಮುಗಿದ ಮರುವರ್ಷ ಹುಬ್ಬಳ್ಳಿಯ ಗುಜರಿಯಲ್ಲಿ ಅವನಿಗೊಂದು ಹಾಳೆ ಸಿಕ್ಕಿತು. ಮೇಲೆ ಕಾಗದ ಅಂಟಿಸಿದ, ಒಡೆಯದ ಗಾಜು. ಈಗ ಅಕ್ರಿಲಿಕ್ ಅನ್ನುತ್ತಾರಲ್ಲ, ಅದು. ವಿಮಾನದ ಕಿಟಕಿಗೆ ಹಾಕುತ್ತಿದ್ದರಂತೆ. ಬಸ್ಸಿನಲ್ಲಿ ಯಾರಿಗೂ ಕಾಣದ ಹಾಗೆ ಧೋತರದಲ್ಲಿ ಸುತ್ತಿ ತಂದ. ಮನೆಯಲ್ಲೇ ಭತ್ತ ಸುಲಿಯುವ ಯಂತ್ರ ಮಾಡಿಸುತ್ತೇನೆ, ಕೈಯಿಂದ ತಿರುವಿದರೆ ಸಾಕು ಎಂದ. ಅಷ್ಟು ಹೊತ್ತಿಗೆ ಅಕ್ಕನ ರಟ್ಟೆ ಬಾತು, ತಲೆ ಬಾಚಿಕೊಳ್ಳಲೂ ಕೈ ಏಳುತ್ತಿರಲಿಲ್ಲ.

"ನನ್ನ ರಟ್ಟಿ ನೋಡಿ ಮನಸ್ಸು ಕರಗೇತಿ ನೋಡವಾ" ಎಂದು ಅವಳು ನನ್ನ ಮುಂದೆ ಹಿಗ್ಗಿದಳು. ನನಗೆ ನಂಬಿಕೆ ಬರಲಿಲ್ಲ. ಕರಗುವ ಪೈಕಿ ಅಲ್ಲ ಅವನು.

ಬಡಿಗೇರ ಮೌನೇಶಪ್ಪ ಹಿತ್ತಲಲ್ಲಿ ಕೂತು ಹುಣಸೆ ಕಟ್ಟಿಗೆಯ ಉರುಳೆ, ಹಿಡಿಕೆ, ಪೆಟ್ಟಿಗೆಯ ಚೌಕಟ್ಟು ಮಾಡಿದ. ಪೆಟ್ಟಿಗೆಯ ನಾಲ್ಕೂ ಮಗ್ಗುಲಿಗೆ, ತಳಕ್ಕೆ ಆ ಗಾಜೇ ಬೇಕೆಂದು ಭಾವನ ಹಟ. ಉರುಳೆಯ ಸುತ್ತ ಒಂದು ಬೆರಳು ಜಾಗ ಬಿಟ್ಟು ಮಗ್ಗುಲುಗಳ ಅಳತೆ ಹಿಡಿದದ್ದಾಯಿತು. ಸಿಗದೆ ಹೋದದ್ದು ತಳದಲ್ಲಿ ಅಕ್ಕಿ ಬೀಳುವ ತೂತಿನ ಅಳತೆ.

"ದೊಡ್ಡದಿದ್ರ ಛಲೋರಿ. ತೌಡು ಕಟ್ಟಂಗಿಲ್ಲ" ಎಂದ ಮೌನೇಶಪ್ಪ.

"ನಾಳೆ ಹೇಳ್ತೇನಿ ತಡಿ" ಎಂದ ಭಾವ. ಆ ಸಂಜೆ ಬಡಿಸುವಾಗ ಅಕ್ಕನ ಕೈ ನೋಡಿದ, ನನ್ನ ಕೈ ನೋಡಿದ. ನನಗೆ ಮೈ ಉರಿಯಿತು, ಯಾಕೆಂದು ಮಾತ್ರ ತಿಳಿಯಲಿಲ್ಲ.

ಮರುದಿನ ಅಕ್ಕ ಬಡಿಗೇರನಿಗೆ ಮಜ್ಜಿಗೆ ಒಯ್ದಳು. ಕೂಸನ್ನು ಎತ್ತಿಕೊಂಡು ನಾನೂ ಹಿಂದೆ ಹೋದೆ. ಹಾಳೆಯ ಮೇಲೆ ಅಕ್ಕನ ಹಸಿರು ಬಳೆ ಇತ್ತು. ಅದರ ಒಳಗಡೆ ಸೀಸದ ಕಡ್ಡಿಯಿಂದ ಬರೆದ ಇನ್ನೊಂದು ಸುತ್ತು.

"ನನ್ನ ಬಳಿ ಇಲ್ಲಿಗೆ ಹೆಂಗ ಬಂತು, ಮೌನೇಶಪ್ಪ?"

"ಕರಿಬಸಪ್ಪನವ್ರು ಕೊಟ್ಟಾರವ್ವಾ. ತೂತು ಇದಕಿಂತ ಸಣ್ಣ ಇರಬೇಕಂತ. ಬಳಿ ಏರೋ ಕೈ ಒಳಗ ಹೋಗಬಾರದಂತ." ಅವನಿಗೇನು ಗೊತ್ತು, ಪಾಪ. ಗರಗಸದ ಬಿಸಿಗೆ ಹಾಳೆ ಕರಗದಿರಲೆಂದು ನೀರು ಹನಿಸುತ್ತ ಕೊಯ್ಯುತ್ತಲೇ ಇದ್ದ.

ಅಕ್ಕ ಬಳೆ ಎತ್ತಿ ಕೈಗೆ ಏರಿಸಿಕೊಂಡಳು. ಯಂತ್ರಕ್ಕೆ ಗಾಜು ಯಾಕೆ ಬೇಕಾಗಿತ್ತೆಂದು ನಮ್ಮಿಬ್ಬರಿಗೂ ಅಲ್ಲೇ ತಿಳಿಯಿತು. ಅದು ರಟ್ಟೆಯ ಮೇಲಿನ ಕರುಣೆಯಾಗಿರಲಿಲ್ಲ. ನನಗಂತೂ ಭಾವನ ಮುಖ ನೋಡಲೂ ಹೇಸಿಗೆಯಾಯಿತು.

ಯಂತ್ರ ಸಿದ್ಧವಾಯಿತು. ಭಾವ ತಾನೇ ಭತ್ತ ಸುರಿದು ಮುಚ್ಚಳಕ್ಕೆ ಕೀಲಿ ಹಾಕಿದ. ಅಕ್ಕ ತಿರುವಿದಳು, ಅವನು ಗಾಜಿಗೆ ಮೂಗು ಹಚ್ಚಿ ಕೂತ. ಕೇರಿದ್ದೂ ಅವನ ಕಣ್ಣೆದುರಿಗೇ. ಕೊನೆಗೆ ಅಳೆದರೆ ಅಕ್ಕಿ ಹಿಂದಿನಷ್ಟೇ! ಗಿರಣಿಯೂ ತಿಂದಿರಲಿಲ್ಲ, ತಿಳವಳ್ಳಿಯೂ ತಿಂದಿರಲಿಲ್ಲ. ಹೋದದ್ದು ಹೊಟ್ಟು, ತೌಡು. ಭಾವ ಇನ್ನೊಮ್ಮೆ ಅಳೆದ. "ಭತ್ತನ ಜೊಳ್ಳು ಐತಿ" ಎಂದು ಗೊಣಗಿದ.

"ನಾ ತವರಿಗೆ ಕಳಸ್ತೇನಿ ಅಂತ ತಿಳಿದಿದ್ರೇನು?" ಅಕ್ಕ ಕೇಳಿದಳು.

"ನಾ ಎಂದರ ಹಂಗ ಅಂದೇನೇನ?"

"ಅಂದಿಲ್ಲರಿ. ನನ್ನ ಕೈ ಅಳದೀರಿ."

ಅಂದಿನಿಂದ ಅಡಿಗೆಗೆ ಅಕ್ಕಿ ತೆಗೆಯುವ ಹೊತ್ತಿಗೆ ಅಕ್ಕ ಗಡಿಗೆಯ ಮುಂದೆ ನಿಂತು ತನ್ನ ಕೈ ನೋಡಲು ಗಂಡನನ್ನು ಕರೆಯುತ್ತಿದ್ದಳು. ಭಾವ ಮೊದಲು ನಕ್ಕ, ಆಮೇಲೆ ಬೈದ, ಒಂದು ದಿನ ಬರಲೇ ಇಲ್ಲ. ಅಂದು ಒಲೆ ಹೊತ್ತಲಿಲ್ಲ. ಆಮೇಲೆ ಬರತೊಡಗಿದ. ನಾನು ಒಳಗೊಳಗೇ ಹಿಗ್ಗಿದೆ, ಸುಳ್ಳೇಕೆ ಹೇಳಲಿ.

ಸುಗ್ಗಿ ಮುಗಿದ ಮೇಲೆ ಬಸವಣ್ಣೆಪ್ಪ ಬಂದ. ಓಣಿಯ ಹಿರಿಯರೂ ಪಡಸಾಲೆಯಲ್ಲಿ ಮಾತಾಡುತ್ತ ಕೂತಿದ್ದರು. ಒಳಗಿನಿಂದ ಅಕ್ಕ ಗಟ್ಟಿಯಾಗಿ ಕರೆದಳು: "ನಮ್ಮಣ್ಣ ಬಂದಾನ್ರಿ, ಅಕ್ಕಿ ತಗೀಬೇಕು. ಬಂದು ನನ್ನ ಕೈ ನೋಡ್ರಿ."

ಬಸವಣ್ಣೆಪ್ಪ ಭಾವನ ಮುಖವನ್ನೇ ನೋಡಿದ. ಭಾವ ತಲೆ ತಗ್ಗಿಸಿ ಒಳಗೆ ಬಂದ.

"ಸಾಕು ಬಿಡ ಇನ್ನ" ಎಂದ.

"ನಿಮಗ ಸಾಕಾತೇನ್ರಿ? ನನಗಿನ್ನೂ ಆಗಿಲ್ಲ" ಎಂದು ಅಕ್ಕ ಅಕ್ಕಿಗೆ ಕೈ ಹಾಕಿದಳು.